ನಿಂಬೆಹಣ್ಣು ಬದಿಗಿಡಿ

ಪ್ರಶ್ನೆ: ನಮ್ಮದು ಹಳೇ ಮನೆ, ಚಾವಡಿಗೆ ರೆಡ್ ಆಕ್ಸೈಡ್ ನೆಲ. ಅಷ್ಟಮಿಗೆಂದು ಹೊಸ್ತಿಲ ಬಳಿ ಬಿಳಿ ಪೇಂಟ್ ಪೆನ್ನಿನಲ್ಲಿ ಕೃಷ್ಣನ ಹೆಜ್ಜೆ, ರಂಗೋಲಿ ಬರೆದೆ. ಈಗ ಅರ್ಧ ಎದ್ದಿದೆ, ಉಳಿದದ್ದು ಕಪ್ಪಾಗಿದೆ. ನಿಂಬೆಹಣ್ಣು ತಿಕ್ಕಿದರೆ ನೆಲವೇ ಬಿಳಚಿತು. ಅತ್ತೆ ಸರಿಯಾಗಿ ಮಾತಾಡುತ್ತಿಲ್ಲ. ಅದೇ ಪೆನ್ನಿನಲ್ಲಿ ನಾಲ್ಕು ವರ್ಷದ ಮಗನ ಸ್ಟೀಲ್ ಲೋಟಕ್ಕೂ ಹೆಸರು ಬರೆದಿದ್ದೇನೆ. ಏನು ಮಾಡಲಿ?
– ಹೆಸರು ಬೇಡ, ಶಂಕರಪುರ

ಉತ್ತರ: ಮೊದಲು ನಿಂಬೆಹಣ್ಣು ನಿಲ್ಲಿಸಿ. ನಿಮ್ಮ ನೆಲ ಅಂದರೆ ಕೆಂಪು ಬಣ್ಣ ಬೆರೆಸಿ ನುಣುಪಾಗಿ ತಿಕ್ಕಿದ ಸಿಮೆಂಟು. ಹುಳಿ ಸಿಮೆಂಟನ್ನು ತಿನ್ನುತ್ತದೆ. ವಿನೆಗರ್, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಕೂಡ ಬೇಡ. ಬಿಳಚಿದ ಜಾಗವನ್ನು ನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿದ ಮೇಲೆ ತೆಳುವಾಗಿ ಮೇಣದ ಪಾಲಿಶ್ ಹಚ್ಚಿ ನೋಡಿ. ಎಣ್ಣೆ ಸುರಿಯಬೇಡಿ, ಹೊಸ್ತಿಲ ಬಳಿ ಯಾರಾದರೂ ಜಾರಿ ಬಿದ್ದಾರು.

ಇನ್ನು ಪೆನ್ನಿನ ಮೈಮೇಲೆ ಬರೆದಿರುವುದನ್ನು ಓದಿ. ಅಕ್ರಿಲಿಕ್ ಅಥವಾ ವಾಟರ್ ಬೇಸ್ಡ್ ಎಂದಿದ್ದರೆ ಕೆಲಸ ಸುಲಭ: ಬಿಸಿನೀರು, ಸಾಬೂನಿನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಮೇಲೆ ಹಾಸಿಡಿ, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ಉಳಿದ ಕಲೆಗೆ ಸ್ಯಾನಿಟೈಸರ್ ಸಾಕು. ಬಾಗಿಲ ಹಿಂದಿನ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಆಯಿಲ್ ಬೇಸ್ಡ್ ಆದರೆ ಬಟ್ಟೆಗೆ ಒಂದಿಷ್ಟು ಟರ್ಪೆಂಟೈನ್ ಬೇಕಾಗುತ್ತದೆ. ಆಗ ಮಳೆಯೆಂದು ಕಿಟಕಿ ಮುಚ್ಚಿ ಕೂರಬೇಡಿ, ಅದರ ಆವಿ ತಲೆನೋವು ತರುತ್ತದೆ. ಬೆಂಕಿಯೂ ಬೇಗ ಹತ್ತುತ್ತದೆ, ದೇವರ ದೀಪ ಆರಿದ ಮೇಲೆಯೇ ಶುರುಮಾಡಿ. ನಿಮ್ಮದು ಶಂಕರಪುರ, ಚಾವಡಿಯಲ್ಲೇ ಮಲ್ಲಿಗೆ ಕಟ್ಟುವ ಮನೆಯಾದರೆ ವಾಸನೆ ತಾಗದಂತೆ ಅಂದು ಹೂವಿನ ಬುಟ್ಟಿ ಒಳಕೋಣೆಯಲ್ಲಿರಲಿ. ಆ ಹೂವು ಇನ್ನೊಬ್ಬರ ಮುಡಿಗೆ, ದೇವರಿಗೆ ಹೋಗುವಂಥದ್ದು.

ಲೋಟದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನಾನ್ ಟಾಕ್ಸಿಕ್ ಎಂದು ಅಚ್ಚಾಗಿದ್ದರೆ ಅದು ಚಿತ್ರ ಬರೆಯುವವರಿಗೆ ಕೊಟ್ಟ ಭರವಸೆ, ಹಾಲು ಕುಡಿಯುವ ಬಾಯಿಗೆ ಕೊಟ್ಟದ್ದಲ್ಲ. ಬಾಯಿ ತಾಗುವ ಅಂಚಿನಲ್ಲಿ, ಒಳಗೆ ಬಣ್ಣ ಇರಲೇಬಾರದು. ತಿಕ್ಕಿ ತೆಗೆದುಬಿಡಿ. ಹೆಸರು ಬೇಕೇಬೇಕೆಂದರೆ ಪಾತ್ರೆ ಅಂಗಡಿಯಲ್ಲಿ ಕೊರೆಸಿಕೊಡುತ್ತಾರಲ್ಲ! ಪೆನ್ನುಗಳನ್ನು ಮಗನ ಕೈಗೆ ಸಿಗದ ಎತ್ತರದಲ್ಲಿಡಿ. ತುದಿ ಒತ್ತಿದಾಗ ಬಣ್ಣ ಚಿಮ್ಮಿ ಕಣ್ಣಿಗೆ ಬೀಳುವುದುಂಟು.

ಅತ್ತೆಯ ಸಿಟ್ಟಿನ ವಿಷಯದಲ್ಲಿ ನಾನು ಅವರ ಪಕ್ಷ. ಆ ನೆಲಕ್ಕೆ ಹೊಳಪು ಬಂದದ್ದು ಅವರು ವರ್ಷಗಟ್ಟಲೆ ಒರೆಸಿದ್ದರಿಂದ. ಹೊಸ್ತಿಲ ರಂಗೋಲಿ ಅವರ ಲೆಕ್ಕದಲ್ಲಿ ಬೆಳಿಗ್ಗೆ ಬರೆದು ಮರುದಿನ ಒರೆಸುವಂಥದ್ದು. ಆದರೆ ನಿಮ್ಮ ಕೈಯ ಹವ್ಯಾಸವೂ ಸಾಯಬೇಕಿಲ್ಲ. ಹಳೇ ಮಣೆಯೊಂದನ್ನು ಉಜ್ಜಿ, ಪೂರ್ತಿ ಒಣಗಿಸಿ, ಅದರ ಮೇಲೆ ಬರೆಯಿರಿ. ಎಣ್ಣೆ ಜಿಡ್ಡು, ತೇವ ಇದ್ದರೆ ಅಲ್ಲೂ ಸಿಪ್ಪೆ ಏಳುತ್ತದೆ. ಯಾವ ಮಣೆ ತೆಗೆದುಕೊಳ್ಳಬಹುದು ಎಂದು ಮಾತ್ರ ಅತ್ತೆಯನ್ನೇ ಕೇಳಿ, ಬರೆಯುವ ಮೊದಲೇ.