ಹಳೆಯ ಲ್ಯಾಪ್‌ಟಾಪಿನ ಜೀರ್ಣೋದ್ಧಾರವೂ ದೀಪಾಲಂಕಾರವೂ

ಮಳೆಗಾಲದ ಒಂದು ಸಂಜೆ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ಮನೆಯ ಲ್ಯಾಪ್‌ಟಾಪನ್ನು ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಮ್ಮ ಬಳಿಗೆ ತಂದನು. ಅದರ ಪರದೆಯ ಹಿಂಬದಿಯಲ್ಲಿ ಬಣ್ಣ ಬದಲಿಸುವ ದೀಪಗಳ ಪಟ್ಟಿಯೊಂದು ಅಂಟಿಕೊಂಡಿತ್ತು. ಗುಂಡಿಯನ್ನು ಒತ್ತಿದೊಡನೆ ದೀಪಗಳು ಗಣೇಶೋತ್ಸವದ ಮಂಟಪದಂತೆ ಬೆಳಗಿದವು. ಯಂತ್ರವು ಮಾತ್ರ ಎಚ್ಚರಗೊಳ್ಳಲು ನಾಲ್ಕು ನಿಮಿಷಗಳಿಗೂ ಹೆಚ್ಚು ಕಾಲವನ್ನು ತೆಗೆದುಕೊಂಡಿತು. ಹುಡುಗನು ತನ್ನ ಉಳಿತಾಯದ ಹಣವನ್ನೆಲ್ಲ ಆ ಪಟ್ಟಿಗೆ ಸುರಿದಿದ್ದನು. "ಸರ್, ಇದನ್ನು ಗುಜರಿಗೆ ಕೊಡೋಣ ಅಂತ ಅಪ್ಪ ಹೇಳ್ತಾರೆ. ಹೊಸದು ತರೋದು ಈ ವರ್ಷ ಆಗೋದಿಲ್ಲವಂತೆ. ಅಕ್ಕನ ಕಾಲೇಜಿನ ಬರವಣಿಗೆ ಎಲ್ಲಾ ಇದರಲ್ಲೇ ಇದೆ" ಎಂದನು.

ಆ ಯಂತ್ರವನ್ನು ನಾವೂ ಅವನೂ ಕೂಡಿ ಎರಡು ಶನಿವಾರಗಳಲ್ಲಿ ಬಿಚ್ಚಿ ಜೋಡಿಸಿದೆವು. ಬಿಚ್ಚುವುದಕ್ಕಿಂತ ಮೊದಲು ಏನನ್ನು ಯೋಚಿಸಬೇಕು, ಯಾವ ಭಾಗವನ್ನು ಬದಲಿಸಿದರೆ ಎಷ್ಟು ಪ್ರಯೋಜನ, ದೀಪಗಳನ್ನು ಇಡಬಹುದೆ, ಇಡುವುದಾದರೆ ಎಷ್ಟು ಎಂಬುದನ್ನು ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇವೆ.

ಯಂತ್ರವು ಥಿಂಕ್‌ಪ್ಯಾಡ್ ಟಿ430 ಎಂಬುದು. 2012ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಎರಡು ಕೋರ್‌ಗಳ ಪ್ರೊಸೆಸರ್, 4 ಜಿಬಿ ರ‍್ಯಾಮ್, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್. ಇಂತಹ ಯಂತ್ರದ ಒಳಗಿನ ವ್ಯವಹಾರವು ನಮ್ಮವರ ಉಡುಪಿ ಹೋಟೆಲಿನ ಅಡುಗೆಮನೆಯನ್ನು ಬಲ್ಲವರಿಗೆ ಸುಲಭವಾಗಿ ತಿಳಿಯುವಂಥದು. ಪ್ರೊಸೆಸರ್ ಎಂಬುದು ಅಡುಗೆಯ ಭಟ್ಟರು; ರ‍್ಯಾಮ್ ಅವರ ಮುಂದಿರುವ ಕಟ್ಟೆ; ಡಿಸ್ಕ್ ಎಂಬುದು ಉಗ್ರಾಣ. ಭಟ್ಟರ ಕೈ ಎಷ್ಟೇ ಚುರುಕಾಗಿರಲಿ, ಉಗ್ರಾಣದಿಂದ ಉದ್ದಿನಬೇಳೆ ಬರುವವರೆಗೆ ಅವರು ಸುಮ್ಮನೆ ನಿಂತಿರಲೇಬೇಕು. ಕಟ್ಟೆಯು ಚಿಕ್ಕದಾದರೆ ಒಂದು ಪಾತ್ರೆಯನ್ನು ಇಡುವುದಕ್ಕೆ ಮತ್ತೊಂದನ್ನು ಉಗ್ರಾಣಕ್ಕೆ ಹಿಂದಿರುಗಿಸಬೇಕು, ಓಡಾಟವು ಇಮ್ಮಡಿಯಾಗುತ್ತದೆ.

ಆದಕಾರಣ ನಾವು ತಿರುಪುಳಿಯನ್ನು ಕೈಗೆತ್ತಿಕೊಳ್ಳುವ ಮೊದಲು ಟಾಸ್ಕ್ ಮ್ಯಾನೇಜರ್ ಎಂಬ ಪುಟವನ್ನು ತೆರೆದು ನೋಡಿದೆವು. ಪ್ರೊಸೆಸರ್ ತನ್ನ ಶಕ್ತಿಯ ನೂರಕ್ಕೆ ಹತ್ತು ಪಾಲನ್ನೂ ಬಳಸುತ್ತಿರಲಿಲ್ಲ. ಡಿಸ್ಕಿನ ಎದುರಿಗೆ ಮಾತ್ರ 100 ಎಂಬ ಅಂಕಿಯು ಕದಲದೆ ನಿಂತಿತ್ತು. ರೋಗವು ಎಲ್ಲಿದೆ ಎಂಬುದು ಅಲ್ಲಿಯೇ ಗೊತ್ತಾಯಿತು. ನಮ್ಮ ಹುಡುಗನಾದರೋ ಹೊಸ ಪ್ರೊಸೆಸರನ್ನು ಕೊಳ್ಳಬೇಕೆಂದು ಗೆಳೆಯರಿಂದ ಕೇಳಿ ಬಂದಿದ್ದನು. ಈ ಮಾದರಿಯಲ್ಲಿ ಪ್ರೊಸೆಸರನ್ನು ಕಳಚಿ ನಾಲ್ಕು ಕೋರ್‌ಗಳದನ್ನು ಹಾಕಲು ಬರುತ್ತದೆಂಬುದು ನಿಜ. ಆದರೆ ಉಗ್ರಾಣದ ಬಾಗಿಲು ಬಿಗಿದಿರುವಾಗ ಭಟ್ಟರನ್ನು ಬದಲಿಸಿ ಫಲವೇನು?

ಹಾರ್ಡ್ ಡಿಸ್ಕಿನ ಈ ನಿಧಾನಕ್ಕೆ ಕಾರಣವನ್ನು ಲೆಕ್ಕ ಹಾಕಿ ನೋಡಬಹುದು. ಅದರೊಳಗಿನ ತಟ್ಟೆಯು ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಅಕ್ಷರವು ಓದುವ ಸೂಜಿಯ ಕೆಳಗೆ ಬರುವುದಕ್ಕೆ ಸರಾಸರಿಯಲ್ಲಿ ಅರ್ಧ ಸುತ್ತು, ಎಂದರೆ ಐದೂವರೆ ಮಿಲಿಸೆಕೆಂಡು ಕಾಯಬೇಕು. ಸೂಜಿಯನ್ನು ಹೊತ್ತ ತೋಳು ತಟ್ಟೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಲು ಸುಮಾರು 12 ಮಿಲಿಸೆಕೆಂಡು. ಹೀಗೆ ಒಂದೊಂದು ತುಣುಕನ್ನು ಹುಡುಕುವುದಕ್ಕೆ ಹದಿನೇಳು ಹದಿನೆಂಟು ಮಿಲಿಸೆಕೆಂಡುಗಳಾದುವು. ಇದೇನು ಮಹಾ ಕಾಲ ಎಂದು ನೀವು ನಗಬಹುದು. ಆದರೆ ಯಂತ್ರವು ಏಳುವಾಗ ಅಲ್ಲಲ್ಲಿ ಚದುರಿರುವ ಹತ್ತು ಸಾವಿರ ತುಣುಕುಗಳನ್ನು ಓದಬೇಕಾಯಿತೆಂದು ಇಟ್ಟುಕೊಳ್ಳಿ. 17ರಿಂದ ಗುಣಿಸಿದರೆ 1,70,000 ಮಿಲಿಸೆಕೆಂಡು, ಅಂದರೆ ಮೂರು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆ!

ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಅಕ್ಷರಗಳು ಸಿಲಿಕಾನಿನ ಕೋಶಗಳಲ್ಲಿ ವಿದ್ಯುದಂಶದ ರೂಪದಲ್ಲಿ ಉಳಿದಿರುತ್ತವೆ. ಒಂದು ತುಣುಕನ್ನು ತರಲು ಅದಕ್ಕೆ ಬೇಕಾಗುವುದು ಮಿಲಿಸೆಕೆಂಡಿನ ಹತ್ತರಲ್ಲಿ ಒಂದು ಪಾಲಿನಷ್ಟು. ಅದೇ ಹತ್ತು ಸಾವಿರ ತುಣುಕುಗಳಿಗೆ ಒಂದು ಸೆಕೆಂಡು ಸಾಕು. ಯಂತ್ರಕ್ಕೆ ಬೇರೆ ಕೆಲಸಗಳೂ ಇರುವುದರಿಂದ ಅದು ಒಂದೇ ಸೆಕೆಂಡಿನಲ್ಲಿ ಏಳುತ್ತದೆಂದು ತಿಳಿಯಬಾರದು; ನಮ್ಮದು ಕಡೆಗೆ ಇಪ್ಪತ್ತೆರಡು ಸೆಕೆಂಡುಗಳಲ್ಲಿ ಎದ್ದಿತು.

ಕೊಳ್ಳುವುದಕ್ಕೆ ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋದೆವು. ಅಲ್ಲಿಯ ಅಂಗಡಿಗಳ ಸಾಲಿನಲ್ಲಿ ದೊರೆಯದ ಬಿಡಿಭಾಗವಿಲ್ಲ; ಆದರೆ ತನಗೆ ಬೇಕಾದುದರ ಹೆಸರನ್ನು ತಿಳಿಯದೆ ಹೋದವನಿಗೆ ಬೇಡವಾದುದೇ ಮೊದಲು ದೊರೆಯುತ್ತದೆ. ಅಂಗಡಿಯವರೊಬ್ಬರು ಎಮ್.2 ಎಂಬ ಆಕಾರದ, ಬೆರಳಿನಂತೆ ಉದ್ದವಾದ ಎಸ್‌ಎಸ್‌ಡಿಯನ್ನು ಮುಂದಿಟ್ಟು ಇದೇ ಅತಿ ವೇಗದ್ದೆಂದರು. ವೇಗದ್ದು ಹೌದು, ನಮ್ಮ ಯಂತ್ರದಲ್ಲಿ ಅದಕ್ಕೆ ಸ್ಥಳವೇ ಇಲ್ಲ. ನಮಗೆ ಬೇಕಾದುದು ಎರಡೂವರೆ ಅಂಗುಲದ, ಸಾಟಾ ಜೋಡಣೆಯದು. ರ‍್ಯಾಮ್ ವಿಷಯದಲ್ಲಿಯೂ ಹೀಗೆಯೇ. ಈ ಯಂತ್ರಕ್ಕೆ 204 ಕಾಲುಗಳ ಡಿಡಿಆರ್3 ಬೇಕು. ಇದರ ಅನಂತರ ಬಂದ ಡಿಡಿಆರ್4ರಲ್ಲಿ 260 ಕಾಲುಗಳಿದ್ದು ನಡುವಿನ ಸೀಳು ಬೇರೆ ಕಡೆ ಇರುವುದರಿಂದ ಅದು ಒಳಗೆ ಕೂಡುವುದೇ ಇಲ್ಲ. ಬಲವಂತ ಮಾಡಿದರೆ ಮುರಿಯುವುದು ತಾಯಿಹಲಗೆಯ ಕೊಂಡಿ. 4 ಜಿಬಿಯ ಇನ್ನೊಂದು ತುಂಡನ್ನು ಕೊಂಡು ಒಟ್ಟು 8 ಮಾಡಿದೆವು. ಅಷ್ಟರಿಂದ ಮನೆಯ ಕೆಲಸ ಸಾಗುತ್ತದೆ.

ಬಿಚ್ಚುವ ದಿನ ಮೊದಲು ಅಕ್ಕನ ಬರಹಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿ, ಅವು ತೆರೆಯುತ್ತವೆಯೆ ಎಂದು ಇನ್ನೊಂದು ಯಂತ್ರದಲ್ಲಿ ನೋಡಿಕೊಂಡೆವು. ನಕಲು ಮಾಡಿ ನೋಡದೇ ಇದ್ದವರು ಅತ್ತುದನ್ನು ಕಂಡಿದ್ದೇವೆ. ಆಮೇಲೆ ಚಾರ್ಜರನ್ನು ತೆಗೆದು, ಬ್ಯಾಟರಿಯನ್ನು ಕಳಚಿ, ಒಳಗೆ ಉಳಿದ ವಿದ್ಯುತ್ತು ಹರಿದು ಹೋಗಲೆಂದು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದೆವು. ಮುಂಬಯಿಯ ಮಳೆಗಾಲದ ತೇವದ ಗಾಳಿಯಲ್ಲಿ ಮೈಮೇಲೆ ಸ್ಥಿರವಿದ್ಯುತ್ತು ಕೂಡುವುದು ಕಡಿಮೆ. ಆದರೂ ಚಿಪ್ಪುಗಳನ್ನು ಮುಟ್ಟುವ ಮೊದಲು ಲೋಹದ ಕಿಟಕಿಯ ಸರಳನ್ನು ಮುಟ್ಟುವ ಅಭ್ಯಾಸವನ್ನು ಮಾಡಿಕೊಳ್ಳತಕ್ಕದ್ದು. ಬ್ಯಾಟರಿಯ ವಿಷಯದಲ್ಲಿ ಮಾತ್ರ ಆಟ ಬೇಡ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚುವುದು, ಮಣಿಸುವುದು, ಮತ್ತೆ ಚಾರ್ಜ್ ಮಾಡುವುದು ಇವೆಲ್ಲ ಬೆಂಕಿಗೆ ದಾರಿ. ಅದನ್ನು ಕಂಡಕೂಡಲೆ ಹಿರಿಯರಿಗೆ ತಿಳಿಸಿ, ಇ-ತ್ಯಾಜ್ಯವನ್ನು ತೆಗೆದುಕೊಳ್ಳುವವರಿಗೆ ಒಪ್ಪಿಸಬೇಕು. ಮನೆಯ ಕಸದ ಬುಟ್ಟಿಗೆ ಎಂದಿಗೂ ಹಾಕಬಾರದು.

ಕೀಲಿಮಣೆಯನ್ನು ಎತ್ತಿ ಫ್ಯಾನಿನ ಕಡೆಗೆ ನೋಡಿದಾಗ ಗಾಳಿಯು ಹೊರಹೋಗುವ ತಾಮ್ರದ ಜಾಲರಿಯು ಧೂಳಿನಿಂದ ಕಂಬಳಿಯ ತುಂಡಿನಂತೆ ಮುಚ್ಚಿಹೋಗಿತ್ತು. ಪ್ರೊಸೆಸರಿನ ಶಾಖವು ಹೊರಗೆ ಹೋಗದಿದ್ದರೆ ಅದು ಸುಟ್ಟುಕೊಳ್ಳದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಪ್ರೊಸೆಸರಿಗೂ ಅದರ ಮೇಲಿನ ಲೋಹಕ್ಕೂ ನಡುವೆ ಹಚ್ಚಿದ್ದ ಲೇಪವು ಒಣಗಿ ಸುಣ್ಣದ ಹಕ್ಕಳೆಯಾಗಿತ್ತು. ಎರಡು ಲೋಹಗಳು ಎಷ್ಟೇ ನಯವಾಗಿ ಕಂಡರೂ ಅವುಗಳ ನಡುವೆ ಸೂಕ್ಷ್ಮವಾದ ಗಾಳಿಯ ಕುಳಿಗಳಿರುತ್ತವೆ. ಗಾಳಿಯು ಶಾಖವನ್ನು ಸಾಗಿಸುವುದರಲ್ಲಿ ಬಹಳ ಸೋಮಾರಿ. ಆ ಕುಳಿಗಳನ್ನು ತುಂಬುವುದೇ ಲೇಪದ ಕೆಲಸ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಅನ್ನದ ಅಗುಳಿನಷ್ಟು ಹೊಸ ಲೇಪವನ್ನಿಟ್ಟೆವು. ದೋಸೆಗೆ ಬೆಣ್ಣೆ ಸವರುವಂತೆ ಧಾರಾಳವಾಗಿ ಸವರಲು ಹುಡುಗನು ಹೊರಟಿದ್ದನು, ತಡೆದೆವು. ದಪ್ಪ ಲೇಪವು ಶಾಖಕ್ಕೆ ಅಡ್ಡಿಯೇ ಸರಿ. ಇಷ್ಟು ಮಾಡಿದ ಮೇಲೆ 93 ಡಿಗ್ರಿಗೆ ಏರುತ್ತಿದ್ದ ಉಷ್ಣತೆಯು ಅದೇ ಕೆಲಸದಲ್ಲಿ 74ರ ಬಳಿ ನಿಂತಿತು.

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಈ ಯಂತ್ರದ ಪ್ರೊಸೆಸರ್ ಅಧಿಕೃತವಾಗಿ ಸಲ್ಲುವುದಿಲ್ಲ. ಆದಕಾರಣ ಹೊಸ ಡಿಸ್ಕಿಗೆ ಉಚಿತವಾಗಿ ದೊರೆಯುವ ಲಿನಕ್ಸನ್ನು ಹಾಕಿದೆವು. ಅದರಲ್ಲಿ ಕನ್ನಡವನ್ನು ಬರೆಯುವುದಕ್ಕೆ ಕಗಪ ವಿನ್ಯಾಸದ ಕೀಲಿಮಣೆಯು ಮೊದಲೇ ಅಡಕವಾಗಿದೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳಿಂದಾದ ಆ ಹೆಸರನ್ನು ಪಟ್ಟಿಯಲ್ಲಿ ಕಂಡಾಗ, ಊರಿನವರೊಬ್ಬರು ಪರಸ್ಥಳದ ರೈಲಿನಲ್ಲಿ ಸಿಕ್ಕಷ್ಟು ಸಂತೋಷವಾಯಿತು.

ಇನ್ನು ದೀಪಗಳು. ಹುಡುಗನಿಗೆ ನಿಜವಾದ ಆಸಕ್ತಿಯಿದ್ದುದು ಇವುಗಳಲ್ಲಿಯೇ. ಅವುಗಳನ್ನು ಕಿತ್ತೆಸೆಯೆಂದು ನಾವು ಹೇಳಲಿಲ್ಲ. ಏಕೆಂದರೆ ಎಲ್‌ಇಡಿ ದೀಪದಲ್ಲಿ ಪಾಠವು ಎಸ್‌ಎಸ್‌ಡಿಗಿಂತ ಕಡಿಮೆಯೇನೂ ಇಲ್ಲ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು 1962ರಲ್ಲಿ ನಿಕ್ ಹೊಲೊನ್ಯಾಕ್ ಎಂಬವರು ಮಾಡಿ ತೋರಿಸಿದರು. ಪ್ರಖರವಾದ ನೀಲಿಯು ಕೈಗೆ ಬರಲು ಮೂವತ್ತು ವರ್ಷಗಳೇ ಬೇಕಾದುವು. ಆ ನೀಲಿಗಾಗಿ 2014ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವು ಅಕಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ ಸಂದಿತು. ಕೆಂಪು, ಹಸಿರು, ನೀಲಿ ಮೂರೂ ಒಂದೇ ಮಣಿಯಲ್ಲಿ ಕೂಡಿದುದರಿಂದಲೇ ಈ ಬಣ್ಣ ಬದಲಿಸುವ ಪಟ್ಟಿಯು ಸಾಧ್ಯವಾಯಿತು.

ಹುಡುಗನ ಪಟ್ಟಿಯಲ್ಲಿ 30 ಮಣಿಗಳಿದ್ದವು. ಬಣ್ಣಬಣ್ಣವಾಗಿ ಓಡುವಾಗ ಸರಿಯಾಗಿಯೇ ಇದ್ದ ಆ ಪಟ್ಟಿಯು, ಪೂರ್ಣ ಬಿಳಿಯನ್ನು ಆರಿಸಿದೊಡನೆ ತುದಿಯ ಕಡೆಗೆ ಕೆಂಪಗಾಗಿ, ಮರುಕ್ಷಣವೇ ಆರಿಹೋಗುತ್ತಿತ್ತು. ಪಟ್ಟಿ ಕೆಟ್ಟಿದೆಯೆಂದು ಅವನು ತಿಳಿದಿದ್ದನು. ಲೆಕ್ಕವನ್ನು ನೋಡಿ. ಇಂತಹ ಒಂದು ಮಣಿಯು ಪೂರ್ಣ ಬಿಳಿಯಲ್ಲಿ 60 ಮಿಲಿಆಂಪಿಯರ್‌ವರೆಗೆ ವಿದ್ಯುತ್ತನ್ನು ಎಳೆಯುತ್ತದೆ; 30 ಮಣಿಗಳಿಗೆ 1800. ಯುಎಸ್‌ಬಿ 2.0 ಕಿಂಡಿಯು ಕೊಡಬೇಕಾದುದು 500, ಯುಎಸ್‌ಬಿ 3.0 ಕಿಂಡಿಯು 900. ಬಡವನ ಮೇಲೆ ಹೇರಿದ ತೆರಿಗೆಯಂತೆ ಇದು! ಹೊರೆ ಮಿತಿಮೀರಿದಾಗ ವೋಲ್ಟೇಜು ಕುಸಿಯುತ್ತದೆ. ಕೆಂಪು ಎಲ್‌ಇಡಿಗೆ 2 ವೋಲ್ಟ್ ಸಾಕು. ಹಸಿರು ನೀಲಿಗಳಿಗೆ 3ರಷ್ಟು ಬೇಕು. ಹೀಗಾಗಿ ಅವೆರಡೂ ಮೊದಲು ಸೊರಗಿ ಕೆಂಪು ಮಾತ್ರ ಉಳಿಯುತ್ತದೆ. ಕೊನೆಗೆ ಯಂತ್ರವು ತನ್ನ ರಕ್ಷಣೆಗಾಗಿ ಆ ಕಿಂಡಿಯನ್ನೇ ಮುಚ್ಚುತ್ತದೆ.

ಬ್ಯಾಟರಿಯ ಲೆಕ್ಕವೂ ಇದೆ. 57 ವಾಟ್-ಗಂಟೆಯ ಹೊಸ ಬ್ಯಾಟರಿ, 12 ವಾಟ್ ಬಳಸುವ ಯಂತ್ರ ಎಂದಿಟ್ಟುಕೊಂಡರೆ ನಾಲ್ಕೂಮುಕ್ಕಾಲು ಗಂಟೆ ಓದಬಹುದು. 1800 ಮಿಲಿಆಂಪಿಯರನ್ನು 5 ವೋಲ್ಟಿನಿಂದ ಗುಣಿಸಿದರೆ ದೀಪಗಳದೇ 9 ವಾಟ್. ಒಟ್ಟು 21 ವಾಟ್ ಆದಾಗ ಬ್ಯಾಟರಿಯು ಬರುವುದು ಎರಡು ಗಂಟೆ ಮುಕ್ಕಾಲಿಗಿಂತಲೂ ತುಸು ಕಡಿಮೆ. ಅಲಂಕಾರಕ್ಕಾಗಿ ಎರಡು ಗಂಟೆಯ ಓದನ್ನು ತೆತ್ತಂತಾಯಿತು. ಇದನ್ನು ಹಲಗೆಯ ಮೇಲೆ ಹುಡುಗನೇ ಬರೆದು ಮುಗಿಸಿ, ಕತ್ತರಿಯನ್ನು ಕೇಳಿದನು. ಗುರುತು ಮಾಡಿದ ಕಡೆಯಲ್ಲಿ ಪಟ್ಟಿಯನ್ನು ಕತ್ತರಿಸಿ 6 ಮಣಿಗಳನ್ನು ಉಳಿಸಿಕೊಂಡೆವು. ಹೆಚ್ಚೆಂದರೆ 360 ಮಿಲಿಆಂಪಿಯರ್. ಗಾಳಿಯ ಕಿಂಡಿಗಳಿಂದ ದೂರವಾಗಿ, ಪರದೆಯ ಹಿಂದೆ, ಒಂದು ಸಣ್ಣ ಸ್ವಿಚ್ಚಿನೊಡನೆ ಅಂಟಿಸಿದೆವು. ಮಿಕ್ಕ 24 ಮಣಿಗಳು ಪ್ರತ್ಯೇಕ ಅಡಾಪ್ಟರಿನೊಡನೆ ಅವರ ಮನೆಯ ಗಣಪತಿಯ ಮಂಟಪಕ್ಕೆ ಹೋದುವು.

ಬಿಡಿ ಎಲ್‌ಇಡಿಯಿಂದ ನೀವೇ ಪ್ರಯೋಗ ಮಾಡುವುದಾದರೆ ಅದಕ್ಕೆ ರೋಧಕವನ್ನು ಸೇರಿಸುವುದನ್ನು ಮರೆಯಬಾರದು. ಅಂಗಡಿಯಲ್ಲಿ ರೆಸಿಸ್ಟರ್ ಎಂದೇ ಕೇಳಿರಿ. 5 ವೋಲ್ಟಿನಲ್ಲಿ ಕೆಂಪು ದೀಪವು 2ನ್ನು ತೆಗೆದುಕೊಂಡರೆ ಉಳಿಯುವುದು 3. ಅದನ್ನು 15 ಮಿಲಿಆಂಪಿಯರಿನಿಂದ, ಎಂದರೆ 0.015ರಿಂದ ಭಾಗಿಸಿದರೆ 200 ಓಮ್. ಸುಲಭವಾಗಿ ದೊರೆಯುವ 220 ಓಮಿನದನ್ನು ಹಾಕಿದರೆ ಸುಮಾರು 14 ಮಿಲಿಆಂಪಿಯರ್ ಹರಿಯುತ್ತದೆ. ಒಂಬತ್ತನೆಯ ತರಗತಿಯವರಿಗೆ ಪ್ರಶ್ನೆ: 3 ವೋಲ್ಟ್ ತೆಗೆದುಕೊಳ್ಳುವ ನೀಲಿ ದೀಪಕ್ಕೆ ಇದೇ ರೋಧಕವನ್ನು ಹಾಕಿದರೆ ಎಷ್ಟು ಹರಿದೀತು?

ಎಲ್ಲವನ್ನೂ ಮುಚ್ಚಿ ಬಿಗಿದ ಮೇಲೆ ಮೇಜಿನ ಮೇಲೆ ಒಂದು ತಿರುಪು ಉಳಿದಿತ್ತು. ಯಂತ್ರವೇನೋ ಓಡುತ್ತಿತ್ತು, ಇರಲಿ ಬಿಡಿ ಸರ್ ಎಂದು ಹುಡುಗನು ಹೇಳಿದನು. ಸಡಿಲ ತಿರುಪೊಂದು ಒಳಗೆ ಉರುಳಾಡಿದರೆ ತಾಯಿಹಲಗೆಯು ಸುಡುವುದುಂಟು. ಹೊರಗೆ ಉಳಿದದ್ದು ಅಷ್ಟು ಅಪಾಯದ್ದಲ್ಲವಾದರೂ, ಎಲ್ಲಿಯದೆಂದು ತಿಳಿಯದೆ ಮನಸ್ಸು ಒಪ್ಪಲಿಲ್ಲ. ಪುನಃ ಬಿಚ್ಚಿದೆವು. ಫ್ಯಾನಿನ ಮೂಲೆಯದು ಅದು. ಈಗ ಬಿಚ್ಚುವಾಗಲೆಲ್ಲ ಒಂದು ಹಾಳೆಯ ಮೇಲೆ ಯಂತ್ರದ ಚಿತ್ರವನ್ನು ಬರೆದು, ಆಯಾ ತಿರುಪನ್ನು ಆಯಾ ಸ್ಥಳದಲ್ಲಿ ಅಂಟುಪಟ್ಟಿಯಿಂದ ಅಂಟಿಸಿಡುತ್ತೇವೆ. ಆ ಹಾಳೆಯು ವಿಜ್ಞಾನದ ಕೋಣೆಯ ಕಪಾಟಿನಲ್ಲಿದೆ; ತಮ್ಮ ಮನೆಯ ಯಂತ್ರವನ್ನು ತರುವವರು ಮೊದಲು ಅದನ್ನು ನೋಡಿಕೊಂಡು ಬರಬಹುದು.