ನಾಯಿಗೆ ಮನುಷ್ಯರ ಹೆಸರು: ಮಂಡ್ಯ ಸೀಮೆಯ ನಾಮಕರಣ ಪದ್ಧತಿಯನ್ನು ಕುರಿತು ಒಂದು ಟಿಪ್ಪಣಿ

ಕನ್ನಡದಲ್ಲಿ ನಾಮವಿಜ್ಞಾನದ ಅಧ್ಯಯನವು ಬಹುಮಟ್ಟಿಗೆ ಸ್ಥಳನಾಮ ಮತ್ತು ವ್ಯಕ್ತಿನಾಮಗಳ ಸುತ್ತ ಬೆಳೆದಿದೆ. ಶಂ.ಬಾ. ಜೋಶಿ ಅವರಿಂದ ಮೊದಲ್ಗೊಂಡು ಅನೇಕ ವಿದ್ವಾಂಸರು ಊರ ಹೆಸರುಗಳಲ್ಲಿ ಅಡಗಿರುವ ಚರಿತ್ರೆಯನ್ನು ಹೊರತೆಗೆದಿದ್ದಾರೆ. ಆದರೆ ಮನೆಯ ಅಂಗಳದಲ್ಲಿ ಬದುಕುವ ಸಾಕುಪ್ರಾಣಿಗಳ ಹೆಸರುಗಳನ್ನು ಈ ದೃಷ್ಟಿಯಿಂದ ನೋಡಿರುವುದು ಕಡಿಮೆ. ನಾಯಿಗೆ ಮನುಷ್ಯರ ಹೆಸರಿಡುವುದನ್ನು ಸಾಮಾನ್ಯವಾಗಿ ಇಂದಿನ ನಗರಜೀವನದ ಖಯಾಲಿ ಎಂದು ಭಾವಿಸಲಾಗುತ್ತದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ? ಮನುಷ್ಯನ ಹೆಸರನ್ನು ಪಡೆದ ನಾಯಿ ಮೇಲೇರುತ್ತದೆಯೋ, ಹೆಸರನ್ನು ಕೊಟ್ಟ ಮನುಷ್ಯ ಕೆಳಗಿಳಿಯುತ್ತಾನೆಯೋ? ಪ್ರಸ್ತುತ ಲೇಖನವು ಮಂಡ್ಯ ಜಿಲ್ಲೆಯ ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳನ್ನು ಕೇಂದ್ರವಾಗಿಟ್ಟುಕೊಂಡು, ಶಾಸನ, ಆಡುಮಾತು ಹಾಗೂ ಸಾಹಿತ್ಯ ಕೃತಿಗಳ ನೆರವಿನಿಂದ ಈ ಪ್ರಶ್ನೆಗಳನ್ನು ಪರಿಶೀಲಿಸುತ್ತದೆ.

1. ಆತಕೂರಿನ ಕಾಳಿ

ಈ ಚರ್ಚೆಗೆ ಅತ್ಯಂತ ಗಟ್ಟಿಯಾದ ಆಧಾರ ದೊರೆಯುವುದು ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ಶಕ 872ರ, ಎಂದರೆ ಕ್ರಿ.ಶ. 949-50ರ ಆತಕೂರು ಶಾಸನವು ರಾಜಕೀಯ ಚರಿತ್ರೆಯ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಕಾಳಗ, ಗಂಗ ಇಮ್ಮಡಿ ಬೂತುಗನಿಂದ ರಾಜಾದಿತ್ಯನು ಹತನಾದದ್ದು, ಆ ಸಾಹಸಕ್ಕೆ ಬೂತುಗನಿಗೆ ಬನವಾಸಿ ಮೊದಲಾದ ನಾಡುಗಳು ದೊರೆತದ್ದು ಇವೆಲ್ಲ ಇದರಿಂದ ತಿಳಿದುಬರುತ್ತವೆ. ಫ್ಲೀಟ್ ಅವರ ಕಾಲದಿಂದಲೂ ವಿದ್ವಾಂಸರ ಗಮನ ಹೆಚ್ಚಾಗಿ ಈ ಭಾಗದ ಮೇಲೆಯೇ ನಿಂತಿದೆ. ಆದರೆ ಕಲ್ಲನ್ನು ನಿಲ್ಲಿಸಿದ ಉದ್ದೇಶ ಇದಲ್ಲ. ಅದು ಒಂದು ನಾಯಿಯ ಸ್ಮಾರಕ.

ಬೂತುಗನ ಸೇವಕನಾದ ಮಣಲೆರನು ಯುದ್ಧದಲ್ಲಿ ಮೆರೆದ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಎರಡು ಖಂಡುಗ ಭೂಮಿಯನ್ನು ಬಿಡಲಾಯಿತು. ಈ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನು ಪಾಪಕ್ಕೆ ಗುರಿಯಾಗುತ್ತಾನೆಂದು ಶಾಸನವು ಎಚ್ಚರಿಸುತ್ತದೆ. ನಾಯಿ ಮತ್ತು ಹಂದಿಯ ಹೋರಾಟವನ್ನು ಕಲ್ಲಿನ ಮೇಲೆ ಕೆತ್ತಲಾಗಿದೆ. ಈಗ ಈ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಕಲ್ಲು, ದತ್ತಿ, ಪೂಜೆ ಎಂಬ ಈ ಮೂರೂ ತುರುಗೋಳಿನಲ್ಲಿಯೋ ಊರಳಿವಿನಲ್ಲಿಯೋ ಮಡಿದ ವೀರನಿಗೆ ಸಲ್ಲುವ ಮರ್ಯಾದೆಗಳು. ಅವು ಇಲ್ಲಿ ನಾಯಿಗೆ ಸಂದಿವೆ. ಎರಡನೆಯದು, ಕಲ್ಲಿನ ಮೇಲೆ ಹೆಸರು ಉಳಿದಿದೆ. ನಾಯಿಯೊಡನೆ ಸತ್ತ ಹಂದಿಗೆ ‘ದೊಡ್ಡದು’ ಎಂಬ ವಿಶೇಷಣವಷ್ಟೇ ದೊರೆತಿದ್ದರೆ, ನಾಯಿಗೆ ‘ಕಾಳಿ’ ಎಂಬ ಅಂಕಿತನಾಮವಿದೆ. ನೆರೆಯ ತಮಿಳುನಾಡಿನಲ್ಲಿಯೂ ಇಂತಹ ನಿದರ್ಶನವುಂಟು. ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನ, ಪಲ್ಲವ ಮಹೇಂದ್ರವರ್ಮನ 34ನೆಯ ಆಳ್ವಿಕೆಯ ವರ್ಷದ ವೀರಗಲ್ಲಿನಲ್ಲಿ, ಕಳ್ಳರಿಬ್ಬರನ್ನು ಕಚ್ಚಿ ಒಡೆಯನನ್ನು ಕಾದಿದ್ದ ನಾಯಿಯ ಹೆಸರು ‘ಕೋವಿವನ್’. ಪುರುಷನಾಮದ ‘ಅನ್’ ಪ್ರತ್ಯಯ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೀಗೆ ಏಳನೆಯ ಶತಮಾನದಿಂದಲೇ ದಕ್ಷಿಣ ಭಾರತದಲ್ಲಿ ನಾಯಿಯು ಮನುಷ್ಯಸಮಾನವಾದ ಹೆಸರಿನಿಂದ ಕಲ್ಲನ್ನೇರಿದೆ. ಆದುದರಿಂದ ಈ ಪದ್ಧತಿಯನ್ನು ಕೇವಲ ಆಧುನಿಕವೆನ್ನುವುದು ಸಾಧುವಲ್ಲ.

2. ಬಣ್ಣದ ಹೆಸರುಗಳು

‘ಕಾಳಿ’ ಎಂಬುದು ದೇವಿಯ ಹೆಸರೂ ಹೌದು, ಕಪ್ಪು ಬಣ್ಣವನ್ನು ಸೂಚಿಸುವ ಹೆಸರೂ ಹೌದು. ಇವೆರಡರ ನಡುವೆ ಗೆರೆ ಎಳೆಯುವುದು ಕಷ್ಟ. ಮಂಡ್ಯ ಸೀಮೆಯ ವ್ಯಕ್ತಿನಾಮಗಳಲ್ಲಿಯೂ ಇದೇ ಸ್ಥಿತಿಯಿದೆ. ಕಾಳ, ಕಾಳಯ್ಯ, ಕಾಳಮ್ಮ, ಕಾಳೇಗೌಡ, ಕರಿಯ, ಕರಿಯಪ್ಪ, ಕೆಂಪ, ಕೆಂಪಮ್ಮ, ಕೆಂಪೇಗೌಡ ಮೊದಲಾದ ಹೆಸರುಗಳು ಮನೆದೇವರಿಂದಲೂ ಬಂದಿರಬಹುದು, ಮೈಬಣ್ಣದಿಂದಲೂ ಬಂದಿರಬಹುದು. ಇದೇ ಊರುಗಳಲ್ಲಿ ನಾಯಿಗಳ ಹೆಸರುಗಳನ್ನು ಕೇಳಿದರೆ ಕರಿಯ, ಕಾಳ, ಕೆಂಪ, ಪುಟ್ಟ ಎಂಬ ಉತ್ತರವೇ ಬರುತ್ತದೆ. ಸಂಸ್ಕೃತ ಪರಂಪರೆಯೂ ಇದಕ್ಕೆ ಹೊರತಲ್ಲ. ಯಮನ ನಾಯಿಗಳಾದ ಶ್ಯಾಮ ಮತ್ತು ಶಬಲರ ಹೆಸರುಗಳು ಬಣ್ಣದಿಂದಲೇ ಹುಟ್ಟಿದವು. ಕಪ್ಪನೆಯದು ಶ್ಯಾಮ, ಮಚ್ಚೆಯುಳ್ಳದ್ದು ಶಬಲ. ಇವುಗಳಲ್ಲಿ ಶ್ಯಾಮ ಎಂಬುದು ಇಂದಿಗೂ ಮನುಷ್ಯರ ಅಚ್ಚುಮೆಚ್ಚಿನ ಹೆಸರು.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮನುಷ್ಯರ ಹೆಸರನ್ನು ನಾಯಿಗೆ ಇಟ್ಟರು ಎನ್ನುವುದಕ್ಕಿಂತ, ಒಂದೇ ಹೆಸರಿನ ಕಣಜದಿಂದ ಮನುಷ್ಯರೂ ನಾಯಿಗಳೂ ಪಾಲು ಪಡೆದರು ಎನ್ನುವುದು ಹೆಚ್ಚು ಸಮಂಜಸ. ಆದರೆ ಪಾಲು ಸಮವಾಗಿರಲಿಲ್ಲ. ‘ಕರಿಯಪ್ಪ’ ಎಂಬಲ್ಲಿನ ‘ಅಪ್ಪ’, ‘ಕಾಳೇಗೌಡ’ ಎಂಬಲ್ಲಿನ ‘ಗೌಡ’ ಎಂಬ ಗೌರವಸೂಚಕ ಉತ್ತರಪದಗಳು ನಾಯಿಗೆ ಸೇರುವುದಿಲ್ಲ. ಇದರ ಜೊತೆಗೆ ಇನ್ನೊಂದು ಕಹಿ ಸತ್ಯವಿದೆ. ಎಷ್ಟೋ ಕಾಲದವರೆಗೆ ಆ ಉತ್ತರಪದಗಳು ಎಲ್ಲ ಮನುಷ್ಯರಿಗೂ ಸೇರುತ್ತಿರಲಿಲ್ಲ. ಊರಿನೊಳಗಿನ ಕರಿಯಪ್ಪನಿಗೆ ಅಪ್ಪ ಉಂಟು. ಹೊರಕೇರಿಯ ಆಳು ಮುದುಕನಾದರೂ ಬರಿಯ ಕರಿಯ. ಒಡೆಯನ ನಾಯಿಯೂ ಕರಿಯ, ಒಡೆಯನ ಆಳೂ ಕರಿಯ ಎಂಬ ಸನ್ನಿವೇಶ ನಮ್ಮ ಸಮಾಜದಲ್ಲಿ ಅಪರೂಪವಾಗಿರಲಿಲ್ಲ. ಇಂದು ಈ ಕೇರಿಗಳ ಯುವಕರು ತಮ್ಮ ಮಕ್ಕಳಿಗೆ ಕರಿಯ, ಕಾಳ ಎಂಬ ಹೆಸರುಗಳನ್ನು ಇಡುವುದನ್ನು ಬಿಟ್ಟಿರುವುದಕ್ಕೆ ಫ್ಯಾಷನ್ನು ಒಂದೇ ಕಾರಣವಲ್ಲ. ಮನುಷ್ಯರು ಬಿಟ್ಟುಹೋದ ಆ ಹೆಸರುಗಳು ಈಗ ನಾಯಿಗಳಲ್ಲಿ ಮಾತ್ರ ಉಳಿದುಕೊಳ್ಳುತ್ತಿವೆ. ಅಜ್ಜನ ಹೆಸರು ಪರರ ಅಂಗಳದ ನಾಯಿಯ ಹೆಸರಾಗಿ ಕೇಳಿಬಂದಾಗ ಮೊಮ್ಮಗನಿಗಾಗುವ ನೋವನ್ನು ನಾಮವಿಜ್ಞಾನವು ಕಡೆಗಣಿಸಲಾಗದು.

3. ‘ರಾಜ ಬಂದ’, ‘ರಾಜ ಬಂತು’

ಹೆಸರು ಒಂದೇ ಆದಾಗ ಮನುಷ್ಯನನ್ನೂ ನಾಯಿಯನ್ನೂ ಕನ್ನಡವು ಬೇರ್ಪಡಿಸುವುದು ಹೇಗೆ? ಇದಕ್ಕೆ ಭಾಷೆಯ ಉತ್ತರವಿರುವುದು ಕ್ರಿಯಾಪದದಲ್ಲಿ. ‘ರಾಜ ಬಂದ’ ಎಂದರೆ ಮನುಷ್ಯ, ‘ರಾಜ ಬಂತು’ ಎಂದರೆ ನಾಯಿ. ನಾಮಪದವು ಮನೆಯೊಳಕ್ಕೆ ಕರೆದದ್ದನ್ನು ಕ್ರಿಯಾಪದವು ಮತ್ತೆ ಹೊಸಿಲಿನಾಚೆ ನಿಲ್ಲಿಸುತ್ತದೆ. ಆತಕೂರಿನ ಶಾಸನವೂ ಇದೇ ನಿಯಮವನ್ನು ಪಾಲಿಸಿದೆ. ವೀರನಿಗೆ ಸಲ್ಲುವ ಎಲ್ಲ ಮರ್ಯಾದೆಯನ್ನೂ ಕಾಳಿಗೆ ಸಲ್ಲಿಸಿದ ಅದು, ಸಾವನ್ನು ಹೇಳುವಾಗ ಮಾತ್ರ ನಾಯಿಯನ್ನೂ ಹಂದಿಯನ್ನೂ ಒಂದೇ ನಪುಂಸಕ ಬಹುವಚನದ ಕ್ರಿಯಾಪದದಲ್ಲಿ ಸೇರಿಸಿಬಿಡುತ್ತದೆ.

ಹಾಗೆಂದು ನಪುಂಸಕ ಲಿಂಗವು ಯಾವಾಗಲೂ ತಿರಸ್ಕಾರವನ್ನೇ ಸೂಚಿಸುತ್ತದೆ ಎನ್ನಲಾಗದು. ‘ಮಗು ಬಂತು’ ಎನ್ನುವಾಗ ಅಲ್ಲಿರುವುದು ವಾತ್ಸಲ್ಯ. ಕಾಸರಗೋಡು, ದಕ್ಷಿಣ ಕನ್ನಡ ಪ್ರದೇಶಗಳ ಹವ್ಯಕ ಕನ್ನಡದಲ್ಲಿ ಹೆಂಗಸರನ್ನೂ ‘ಅದು’ ಎಂದು ಹೇಳುವ ರೂಢಿಯಿದೆ, ಅದರಲ್ಲಿ ಅಗೌರವವಿಲ್ಲ. ಆದುದರಿಂದ ‘ರಾಜ ಬಂತು’ ಎಂಬ ಮಾತು ನಾಯಿಯನ್ನು ಪ್ರಾಣಿಯ ಸಾಲಿಗೂ ಸೇರಿಸಬಲ್ಲುದು, ಮಗುವಿನ ಸಾಲಿಗೂ ಸೇರಿಸಬಲ್ಲುದು. ಸಾಕಿದವರು ನಾಯಿಯನ್ನು ‘ನಮ್ಮ ಮಗು’ ಎಂದು ಕರೆಯುವುದು ಈ ದೃಷ್ಟಿಯಿಂದ ಕನ್ನಡದ ವ್ಯಾಕರಣಕ್ಕೆ ಒಗ್ಗುವ ಮಾತೇ ಆಗಿದೆ.

4. ನಾಯಿಯ ಹೆಸರು ಮನುಷ್ಯನಿಗೆ

ಹೆಸರಿನ ಈ ಪಯಣ ಎದುರು ದಿಕ್ಕಿನಲ್ಲಿಯೂ ನಡೆಯುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಗುತ್ತಿಯ ನಾಯಿಯ ಹೆಸರು ‘ಹುಲಿಯ’. ಈ ಹೆಸರು ಮನುಷ್ಯರಿಗೂ ಉಂಟು. ಆದರೆ ನಾಯಿಯು ಸದಾ ಜೊತೆಗಿರುವುದರಿಂದ ಅದರ ಒಡೆಯನು ‘ನಾಯಿಗುತ್ತಿ’ ಆಗಿದ್ದಾನೆ. ನಾಯಿಗೆ ಹುಲಿಯ ಗೌರವ, ಮನುಷ್ಯನಿಗೆ ನಾಯಿಯ ಅಡ್ಡಹೆಸರು. ಗುತ್ತಿ ಹೊಲೆಯನೆಂಬುದನ್ನು ನೆನೆದರೆ ಈ ವಿಪರ್ಯಾಸದ ತೂಕ ತಿಳಿಯುತ್ತದೆ. ಆದರೂ ಕುವೆಂಪು ಅವರು ಈ ಅಡ್ಡಹೆಸರನ್ನು ಕೀಳಾಗಿಸಲು ಬಳಸಿಲ್ಲ. ಗುತ್ತಿ ಮತ್ತು ಹುಲಿಯರ ಸಂಬಂಧ ಕಾದಂಬರಿಯ ಅತ್ಯಂತ ಆರ್ದ್ರವಾದ ಎಳೆಗಳಲ್ಲಿ ಒಂದು. ತುಂಗೆಯ ಪ್ರವಾಹದಲ್ಲಿ ಹುಲಿಯನು ಕೊಚ್ಚಿಹೋಗುವ ಸನ್ನಿವೇಶವನ್ನು ಓದುವವರು ನಾಯಿಯೊಂದರ ಸಾವೆಂದು ಓದುವುದಿಲ್ಲ. ಇದಕ್ಕೆ ಭಿನ್ನವಾಗಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯ ನಾಯಿಯ ಹೆಸರು ‘ಕಿವಿ’. ಮನುಷ್ಯರಿಂದಾಗಲಿ ದೇವರಿಂದಾಗಲಿ ಏನನ್ನೂ ಎರವಲು ಪಡೆಯದ ಈ ಹೆಸರು ನಾಯಿಯನ್ನು ನಾಯಿಯಾಗಿಯೇ ಪ್ರೀತಿಸಬಹುದೆಂಬುದನ್ನು ತೋರಿಸುತ್ತದೆ.

5. ಟಾಮಿ, ಜಿಮ್ಮಿ, ರೋಸಿ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಕೇಂದ್ರ ಆರಂಭವಾಗಿ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಇದರೊಂದಿಗೆ ಕಾವೇರಿಯ ಈ ದಂಡೆಗೆ ಪರದೇಶಗಳ ಇಂಜಿನಿಯರರೂ ಅವರ ಜೀವನಕ್ರಮವೂ ಬಂದವು. ವಿದ್ಯುತ್ ಕೇಂದ್ರ, ಗಣಿ, ದಂಡು, ಕಾಫಿತೋಟಗಳಂತಹ ನೆಲೆಗಳಿಂದಲೇ ಇಂಗ್ಲಿಷ್ ನಾಯಿಹೆಸರುಗಳು ಸುತ್ತಲಿನ ಹಳ್ಳಿಗಳಿಗೆ ಹಬ್ಬಿರಬೇಕೆಂದು ಊಹಿಸಲು ಅವಕಾಶವಿದೆ. ಇಂದು ಶಿವನಸಮುದ್ರದ ಆಸುಪಾಸಿನಲ್ಲಿ ಟಾಮಿ, ಜಿಮ್ಮಿ, ಜಾನಿ, ರೋಸಿ ಎಂಬ ಕೂಗಿಗೆ ಓಡಿಬರುವ ನಾಯಿಗಳಿಗೆ ಕೊರತೆಯಿಲ್ಲ.

ಟಾಮಿ ಎಂಬುದು ಥಾಮಸನ, ಜಿಮ್ಮಿ ಎಂಬುದು ಜೇಮ್ಸನ, ಜಾನಿ ಎಂಬುದು ಜಾನನ ಮುದ್ದಿನ ರೂಪಗಳು. ಇವು ಮೂಲತಃ ಮನುಷ್ಯರ ಹೆಸರುಗಳೇ, ಅದರಲ್ಲಿಯೂ ಕ್ರೈಸ್ತ ಸಂತರ ಹೆಸರುಗಳು. ಆದರೆ ಕನ್ನಡದ ಕಿವಿಗೆ ‘ಟಾಮಿ’ ಎಂದರೆ ನಾಯಿ ಮಾತ್ರ. ಮನೆಯ ನಾಯಿಗೆ ರಾಮನ ಹೆಸರಿಡಲು ಹಿಂಜರಿಯುವವರು ಜಾನನ ಹೆಸರಿಡಲು ಹಿಂಜರಿಯದಿರುವುದಕ್ಕೆ ಕಾರಣ, ಆ ಹೆಸರಿನ ಮನುಷ್ಯ ಅವರ ಕೇರಿಯಲ್ಲಿಲ್ಲ ಎಂಬುದೇ. ಯಾರ ನೋವು ನಮ್ಮ ಕಣ್ಣಿಗೆ ಬೀಳುವುದಿಲ್ಲವೋ ಅವರ ಹೆಸರು ನಾಯಿಗೆ ಸುಲಭವಾಗಿ ಒದಗುತ್ತದೆ. ತರಗತಿಯಲ್ಲಿ ರೋಸಿ ಎಂಬ ಹೆಸರಿನ ವಿದ್ಯಾರ್ಥಿನಿಯ ಹಾಜರಿ ಕೂಗಿದಾಗ ಹಿಂದಿನ ಬೆಂಚುಗಳಿಂದ ನಗೆ ಕೇಳಿಬರುವುದನ್ನು ಅಧ್ಯಾಪಕರಲ್ಲಿ ಹಲವರು ಬಲ್ಲರು.

ಈ ಸಂದರ್ಭದಲ್ಲಿ ಕ್ಷೇತ್ರಕಾರ್ಯದ ಒಂದು ಅನುಭವವನ್ನು ದಾಖಲಿಸುವುದು ಉಚಿತ. ಶಿವನಸಮುದ್ರದ ಬಳಿಯ ಮನೆಯೊಂದರಲ್ಲಿ ಮೊಮ್ಮಗನು ನಾಯಿಗೆ ‘ರಾಜ’ ಎಂದು ಹೆಸರಿಟ್ಟಿದ್ದನು. ಮನೆಯವರೆಲ್ಲರೂ ಹಾಗೆಯೇ ಕರೆಯುತ್ತಿದ್ದರೂ ಅಜ್ಜಿ ಮಾತ್ರ ‘ತ್ಚು ತ್ಚು, ಬಾ’ ಎಂದಷ್ಟೇ ಕರೆಯುತ್ತಿದ್ದರು. ಕಾರಣವನ್ನು ವಿಚಾರಿಸಿದಾಗ, ತೀರಿಕೊಂಡ ಯಜಮಾನರ ಹೆಸರಿನಲ್ಲಿಯೂ ಆ ಮಾತು ಇದೆಯೆಂದು ಮಗ ತಿಳಿಸಿದನು. ಅಜ್ಜಿ ಹೇಳಿದ್ದು ಇಷ್ಟೇ: “ಅವ್ರಿದ್ದಾಗ್ಲೇ ಅವ್ರ ಹೆಸ್ರು ಹೇಳ್ನಿಲ್ಲ. ಈಗ ಅದ್ನ ಹಿಡ್ದು ನಾಯ ಕರೆಯಕಾಯ್ತದಾ ಮಗಾ?” ಗಂಡನ ಹೆಸರನ್ನು ಉಚ್ಚರಿಸಬಾರದೆಂಬ ನಿಷೇಧವು ಇಲ್ಲಿ ನಾಯಿಯವರೆಗೂ ಚಾಚಿದೆ. ಗಮನಿಸಬೇಕಾದುದೆಂದರೆ ಅಜ್ಜಿಯು ನಾಯಿಯನ್ನು ದೂರವಿಟ್ಟಿರಲಿಲ್ಲ. ಅದಕ್ಕೆ ಅನ್ನ ಹಾಕುತ್ತಿದ್ದವರು ಅವರೇ. ಅವರ ಆಕ್ಷೇಪವಿದ್ದದ್ದು ನಾಯಿಯ ಬಗೆಗಲ್ಲ, ಹೆಸರಿನ ಬಗೆಗೆ.

6. ಇಂದಿನ ಸ್ಥಿತಿ

ಇತ್ತೀಚಿನ ದಶಕಗಳಲ್ಲಿ ನಾಯಿಯು ಅಂಗಳದಿಂದ ನಡುಮನೆಗೆ ಬಂದಿದೆ. ಇದರೊಂದಿಗೆ ಕ್ರಿಯಾಪದದ ನಿಯಮವೂ ಸಡಿಲಗೊಳ್ಳುತ್ತಿದೆ. ‘ಸಿಂಬ ಊಟ ಮಾಡಿದ’, ‘ಪಿಂಕಿ ಮಲಗಿದ್ದಾಳೆ’ ಎಂಬ ಪ್ರಯೋಗಗಳು ನಗರದ ಮನೆಗಳಲ್ಲಿ ಸಹಜವಾಗಿ ಕೇಳಿಬರುತ್ತವೆ. ಹೆಸರಿಗಿಂತ ಈ ಬದಲಾವಣೆಯೇ ಹೆಚ್ಚು ಮಹತ್ವದ್ದು. ಕಿರಣ್‌ರಾಜ್ ಕೆ. ನಿರ್ದೇಶನದ ‘777 ಚಾರ್ಲಿ’ (2022) ಚಲನಚಿತ್ರದಲ್ಲಿ ಹೆಣ್ಣುನಾಯಿಗೆ ಚಾರ್ಲಿ ಎಂಬ ಪುರುಷನಾಮವೂ, ಅದನ್ನು ಸಾಕಿದವನಿಗೆ ಧರ್ಮ ಎಂಬ ಹೆಸರೂ ಇವೆ. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಧರ್ಮರಾಯನನ್ನು ಹಿಂಬಾಲಿಸಿದ ನಾಯಿಗೆ ಹೆಸರೇ ಇಲ್ಲ, ಕೊನೆಗೆ ಅದು ಸಾಕ್ಷಾತ್ ಧರ್ಮನೆಂದು ತಿಳಿಯುತ್ತದೆ. ಹೆಸರಿಲ್ಲದ ಆ ನಾಯಿಗಾಗಿ ಧರ್ಮರಾಯನು ಸ್ವರ್ಗವನ್ನೇ ಬೇಡವೆಂದನು. ಪ್ರೀತಿಗೆ ಮನುಷ್ಯರ ಹೆಸರು ಅನಿವಾರ್ಯವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

7. ಸಮಾರೋಪ

ಈವರೆಗಿನ ವಿವೇಚನೆಯಿಂದ ಕೆಳಗಿನ ತೀರ್ಮಾನಗಳಿಗೆ ಬರಬಹುದು. ನಾಯಿಗೆ ಮನುಷ್ಯಸಮಾನವಾದ ಹೆಸರಿಡುವ ಪದ್ಧತಿ ಮಂಡ್ಯ ಸೀಮೆಯಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಹೆಸರೊಂದೇ ನಾಯಿಯ ಸ್ಥಾನವನ್ನು ನಿರ್ಣಯಿಸುವುದಿಲ್ಲ, ಅದರ ಜೊತೆಗೆ ಬರುವ ಕ್ರಿಯಾಪದ ಮತ್ತು ಸಲ್ಲುವ ಮರ್ಯಾದೆಗಳನ್ನೂ ಸೇರಿಸಿ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಹೆಸರು ಯಾರದು ಎಂಬುದನ್ನು ಕೇಳಬೇಕು. ಒಡೆಯನು ತನ್ನ ಅಜ್ಜನ ಹೆಸರನ್ನು ನಾಯಿಗೆ ಇಡುವುದಿಲ್ಲ. ಆಳಿನ ಅಜ್ಜನ ಹೆಸರು, ದೂರದ ಧರ್ಮದವರ ಹೆಸರು ಅವನಿಗೆ ಸುಲಭವಾಗಿ ಸಿಗುತ್ತವೆ.

ಮಣಲೆರನು ರಾಜ್ಯವನ್ನು ಬೇಡದೆ ಕಾಳಿಯನ್ನು ಬೇಡಿದನು, ಸತ್ತಾಗ ಕಲ್ಲು ನಿಲ್ಲಿಸಿದನು. ಅವನ ನಾಯಿಗೆ ದೊರೆತ ಗೌರವದಿಂದ ಯಾವ ಮನುಷ್ಯನ ಗೌರವವೂ ಕುಂದಲಿಲ್ಲ. ಹೆಸರಿಡುವ ಮುನ್ನ ನಾವು ನೆನೆಯಬೇಕಾದ ಅಳತೆಗೋಲು ಅದು. ಕರ್ನಾಟಕದ ಇತರ ಜಿಲ್ಲೆಗಳ ನಾಯಿಹೆಸರುಗಳನ್ನು, ಆಯಾ ಊರಿನ ವ್ಯಕ್ತಿನಾಮಗಳೊಡನೆ ಹೋಲಿಸಿ ಸಂಗ್ರಹಿಸುವ ಕೆಲಸ ಮುಂದೆ ನಡೆಯಬೇಕಾಗಿದೆ. ಕರಿಯ, ಕಾಳ ಎಂಬ ಹೆಸರುಗಳನ್ನು ಹೊತ್ತು ಬಾಳಿದ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಅದು ಆಗುವುದು ಒಳಿತು.