ಮಗುವನ್ನು ಕರೆದುಕೊಂಡೇ ಅಂಗಡಿಗೆ ಹೋಗು

ಪ್ರೀತಿಯ ಮಗಳೇ,

ಆಟಿಸಂ ಇರುವ ಮಗನನ್ನು ಅಂಗಡಿಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟಿದ್ದೀಯ, ಸಾಮಾನೆಲ್ಲ ಅಳಿಯಂದಿರೇ ತರುತ್ತಾರೆ ಎಂದು ನಿಮ್ಮಮ್ಮ ಹೇಳಿದಳು. ನಿನ್ನ ಕಷ್ಟ ಗೊತ್ತು. ಆದರೂ ಅವನನ್ನು ಮನೆಯೊಳಗೇ ಬೆಳೆಸಬೇಡ. ನಾಳೆ ಅವನು ಬಾಳಬೇಕಾದ್ದು ಹೊರಗಿನ ಜನರ ನಡುವೆಯೇ.

ಮೊದಲನೆಯದು, ಅಂಗಡಿಯಲ್ಲಿ ಅವನು ಕಿರುಚುವುದು ಹಠವಲ್ಲ. ಹಠ ಮಾಡುವ ಮಗು ಚಾಕೊಲೇಟು ಕೈಗೆ ಬಂದರೆ ಸುಮ್ಮನಾಗುತ್ತದೆ. ಇವನಿಗೆ ಕಣ್ಣು ಕುಕ್ಕುವ ದೀಪ, ಫ್ರೀಜರಿನ ಗುಂಯ್‌ಗುಡುವ ಸದ್ದು, ಮೀನಿನ ವಾಸನೆ, ಟ್ರಾಲಿಗಳ ಗದ್ದಲ ಎಲ್ಲ ಒಟ್ಟಿಗೇ ಮೈಮೇಲೆ ಬೀಳುತ್ತವೆ; ತಡೆಯಲಾರದೆ ಕಿರುಚುತ್ತಾನೆ. ಆಗ ಗದರಿಯೂ ಫಲವಿಲ್ಲ, ಮುದ್ದುಗರೆದೂ ಫಲವಿಲ್ಲ. ಟ್ರಾಲಿ ಅಲ್ಲೇ ಬಿಟ್ಟು ಹೊರಗೆ ಬಾ.

ಎರಡನೆಯದು, ತಿಂಗಳ ಸಾಮಾನು ಬೇರೆ, ಮಗನ ಪಾಠ ಬೇರೆ. ಒಂದೇ ಸಲಕ್ಕೆ ಮಾಡಹೋದರೆ ಎರಡೂ ಕೆಡುತ್ತವೆ. ಅವನ ಜೊತೆ ಹೋದಾಗ ಒಂದೇ ಸಾಮಾನು ತಾ, ಬಾಳೆಹಣ್ಣು ಅಂದುಕೋ. ಹೊರಡುವ ಮುಂಚೆ ಬಾಳೆಹಣ್ಣಿನ ಚಿತ್ರ ತೋರಿಸು. ಹಣ್ಣು ಅವನೇ ಎತ್ತಿಕೊಳ್ಳಲಿ, ದುಡ್ಡೂ ಅವನೇ ಕೊಡಲಿ. ಅವನು ಗೆಲುವಾಗಿರುವಾಗಲೇ ಮನೆಗೆ ಬಾ.

ನೀವಿರುವ ಒಮಾನಿನ ದುಕ್ಮ್ ಮಸ್ಕತ್‌ನಿಂದ 500 ಕಿಲೋಮೀಟರಿಗೂ ದೂರ. ಇಂಡಿಯನ್ ಸ್ಕೂಲ್ ಮಸ್ಕತ್ ನಡೆಸುವ ವಿಶೇಷ ಮಕ್ಕಳ ಕೇಂದ್ರ ಇರುವುದೂ ಮಸ್ಕತ್‌ನಲ್ಲೇ. ಆ ಕೊರತೆ ನಿಜ. ಆದರೆ 2011ರಲ್ಲಿ ವಿಶೇಷ ಆರ್ಥಿಕ ವಲಯವಾಗಿ, ಬಂದರು, ರಿಫೈನರಿ ಎಲ್ಲ ಬಂದ ಮೇಲೂ ನಿಮ್ಮದು ಸಣ್ಣ ಊರೇ. ಅದೇ ಅಂಗಡಿ, ಅದೇ ದಾರಿ, ಅವೇ ಮುಖಗಳು: ಇಂಥ ಮಕ್ಕಳಿಗೆ ಅದಕ್ಕಿಂತ ದೊಡ್ಡ ಅನುಕೂಲವಿಲ್ಲ. ಕ್ಯಾಷ್ ಕೌಂಟರಿನವರಿಗೆ ಬಿಡುವಿದ್ದಾಗ ಮಗನ ಸ್ವಭಾವ ತಿಳಿಸಿಡು. ಕೂಲಿ ಕ್ಯಾಂಪಿನವರು ಪೇಟೆಗೆ ಬರುವ ಶುಕ್ರವಾರದ ಸಂಜೆ ಬೇಡ. ವಾರದ ನಡುವೆ ಬೆಳಗ್ಗೆ ಹೋಗು. ಆಸ್ಟ್ರೇಲಿಯಾದ ಕೋಲ್ಸ್ ಮಳಿಗೆಗಳು 2017ರಲ್ಲಿ ಆಟಿಸಂ ಇರುವವರಿಗಾಗಿಯೇ ದೀಪ ಮಂದ ಮಾಡಿ, ಸದ್ದು ತಗ್ಗಿಸುವ ‘ಕ್ವೈಟ್ ಅವರ್’ ಶುರುಮಾಡಿದವು. ನಿಮ್ಮ ಅಂಗಡಿಯ ಮ್ಯಾನೇಜರನ್ನೂ ಕೇಳಿ ನೋಡು. ಸ್ವಲ್ಪ ಹೊತ್ತು ಹಾಡು ನಿಲ್ಲಿಸಿದರೆ ಅವರಿಗೆ ಖರ್ಚೇನಿಲ್ಲ.

ಜನ ನೋಡುತ್ತಾರೆ, ನೋಡಲಿ. “ಇವನಿಗೆ ಆಟಿಸಂ ಇದೆ” ಎಂದು ಒಂದೇ ಮಾತು ಹೇಳು. ಕ್ಷಮೆ ಕೇಳಲು ಹೋಗಬೇಡ. ಯಾರಾದರೂ ವೀಡಿಯೊ ತೆಗೆದರೆ ಮಾತ್ರ ಸುಮ್ಮನಿರಬೇಡ. ಮೊಬೈಲಿನಿಂದ ಇನ್ನೊಬ್ಬರ ಖಾಸಗಿತನ ಕೆಡಿಸುವುದು ಒಮಾನಿನ 2011ರ ಸೈಬರ್ ಅಪರಾಧ ಕಾನೂನಿನಲ್ಲಿ ತಪ್ಪು.

ಕೈ ಬಿಡಿಸಿಕೊಂಡು ಓಡುವ ಮಗು ಅವನು. ಹೊರಡುವಾಗ ಅಂದಿನ ಬಟ್ಟೆಯಲ್ಲೇ ಒಂದು ಫೋಟೋ ತೆಗೆದಿಟ್ಟುಕೋ. ಅರಬ್ಬಿ, ಇಂಗ್ಲಿಷ್ ಎರಡರಲ್ಲೂ ನಿನ್ನ ಫೋನ್ ನಂಬರು ಬರೆದ ಚೀಟಿ ಅವನ ಜೇಬಿನಲ್ಲಿರಲಿ.

ರಜೆಗೆ ಬಂದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಅವನನ್ನು ತೋರಿಸೋಣ. ನಮ್ಮ ದೇಶದ 2016ರ ಅಂಗವಿಕಲರ ಕಾನೂನು ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ, ಪ್ರಮಾಣಪತ್ರವನ್ನೂ ಮಾಡಿಸಿಬಿಡೋಣ.

ಅಲ್ಲಿಯವರೆಗೆ ಕಾಯಬೇಡ. ಮನೆ ಹತ್ತಿರದ ಸಣ್ಣ ಅಂಗಡಿಯಿಂದ ಈ ವಾರವೇ ಶುರುಮಾಡು.

ಇಂತಿ,
ನಿನ್ನ ದೊಡ್ಡಮ್ಮ